ಗುಜರಿ ತಕ್ಕಡಿಯ ಮೇಲೆ ಶೇಂಗಾ ಗಿಡ

ಕೆಟ್ಟು ಬಂದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸಾಮಾನ್ಯವಾಗಿ ಸತ್ತಿರುವುದು ಡಿಸ್‌ಪ್ಲೇ, ಬ್ಯಾಟರಿ, ಇಲ್ಲವೇ ಬೋರ್ಡು. ಒಳಗಿನ ಲೋಡ್ ಸೆಲ್, ಅಂದರೆ ಭಾರವನ್ನು ವಿದ್ಯುತ್ ಸಿಗ್ನಲ್ ಆಗಿ ಬದಲಿಸುವ ಲೋಹದ ತುಂಡು, ಗಟ್ಟಿಮುಟ್ಟಾಗಿಯೇ ಇರುತ್ತದೆ. ಚಿತ್ರದುರ್ಗದಲ್ಲಿ ತಕ್ಕಡಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನ್ನ ಹತ್ತಿರ ಇಂಥವು ಒಂದು ಮೂಟೆಯಷ್ಟಿವೆ. ಕಿರಾಣಿ ಅಂಗಡಿಯವರು, ತರಕಾರಿ ಮಾರುವವರು, ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಹೊಸದು ತಗೊಂಡು ಹಳೆಯದನ್ನು ಇಲ್ಲೇ ಬಿಟ್ಟು ಹೋಗುತ್ತಾರೆ. ಅಂಥ ನಾಲ್ಕು ತಕ್ಕಡಿ ಬಿಚ್ಚಿ ಗಿಡ ತೂಗುವ ಯಂತ್ರ ಮಾಡಿದ್ದೇನೆ. ಯಾರಾದರೂ ಮಾಡಲು ಹೊರಟರೆ ಉಪಯೋಗಕ್ಕೆ ಬರಲಿ ಅಂತ ವಿವರವಾಗಿ ಬರೆಯುತ್ತಿದ್ದೇನೆ.

ಪ್ರಶ್ನೆ ದೊಡ್ಡಪ್ಪನದು. ಚಳ್ಳಕೆರೆ ತಾಲ್ಲೂಕಿನಲ್ಲಿ ಅವರಿಗೆ ಕೆಂಪು ಮಸಾರಿ ಹೊಲ ಇದೆ, ಒಂದು ಬೋರಿದೆ. ಬೇಸಿಗೆ ಶೇಂಗಾಕ್ಕೆ ಅದರ ನೀರು ಸಾಲುವುದಿಲ್ಲ. "ಎಲೆ ಬಾಡಿದ್ದು ನೋಡ್ಕೊಂಡು ನೀರು ಬಿಟ್ರೆ ಸಾಕೇನಪ್ಪಾ? ಇಲ್ಲ ಅದಕ್ಕೂ ಮೊದ್ಲೇ ಬಿಡ್ಬೇಕಾ? ಮೊದ್ಲೇ ಅಂದ್ರೆ ಎಷ್ಟು ಮೊದ್ಲು?" ಅಂತ ಕೇಳಿದರು. ನಾನು ಕೃಷಿ ಓದಿದವನಲ್ಲ. ಆದರೆ ಇದು ತೂಗಿ ನೋಡಬಹುದಾದ ಪ್ರಶ್ನೆ ಅನ್ನಿಸಿತು.

ತೂಕದಿಂದ ಏನು ಗೊತ್ತಾಗುತ್ತದೆ?

ಗಿಡ ಬೇರಿನಿಂದ ಹೀರಿದ ನೀರಿನಲ್ಲಿ ನೂರಕ್ಕೆ 97ಕ್ಕಿಂತ ಜಾಸ್ತಿ ಪಾಲು ಎಲೆಯಿಂದ ಆವಿಯಾಗಿ ಹೊರಟುಹೋಗುತ್ತದೆ. ಮೈ ಬೆಳೆಸಲು, ಆಹಾರ ತಯಾರಿಸಲು ಅದು ಇಟ್ಟುಕೊಳ್ಳುವುದು ಚೂರುಪಾರು. ಹಾಗಾಗಿ ಮಣ್ಣಿನ ಮೇಲ್ಭಾಗ ಮುಚ್ಚಿ ಕುಂಡ ತೂಗಿದರೆ, ಕಮ್ಮಿಯಾದ ತೂಕವೆಲ್ಲ ಗಿಡ ಕುಡಿದು ಹೊರಬಿಟ್ಟ ನೀರು ಅಂತ ಲೆಕ್ಕ ಹಿಡಿಯಬಹುದು.

ಈ ಉಪಾಯ ಹೊಸದೇನಲ್ಲ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಒಂದು ಸೂರ್ಯಕಾಂತಿ ಕುಂಡದ ಬಾಯಿಗೆ ಸೀಸದ ತಗಡು ಮುಚ್ಚಿ, ಬೆಳಿಗ್ಗೆ ಸಂಜೆ ತೂಗಿ, ಲೆಕ್ಕವನ್ನು 1727ರಲ್ಲಿ ಪ್ರಕಟಿಸಿದರು. ಹಗಲು ಹನ್ನೆರಡು ಗಂಟೆಗೆ ಸರಾಸರಿ 1 ಪೌಂಡ್ 4 ಔನ್ಸ್, ಅಂದರೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ನೀರು ಹೋಗುತ್ತಿತ್ತಂತೆ. ಲೋಡ್ ಸೆಲ್ ಇಲ್ಲದ ಕಾಲದಲ್ಲಿ ದೊಡ್ಡ ಕುಂಡವನ್ನು ಅಷ್ಟು ನಾಜೂಕಾಗಿ ತೂಗಿದ್ದಾರೆ ಅಂದರೆ ನಮ್ಮ ಕಸುಬಿನವರು ಕೈ ಮುಗಿಯಬೇಕು.

ಗಿಡ ಇಷ್ಟು ನೀರು ಗಾಳಿಗೆ ಬಿಡುವುದು ಬೇಕಂತಲ್ಲ. ಅದಕ್ಕೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಬೇಕು. ಅದು ಒಳಗೆ ಬರಬೇಕಾದರೆ ಎಲೆಯ ಮೇಲಿನ ಪತ್ರರಂಧ್ರ ತೆರೆದಿರಬೇಕು. ರಂಧ್ರ ತೆರೆದರೆ ಒಳಗಿನ ತೇವ ಹೊರಗೆ ಹೋಗುತ್ತದೆ. ಶೇಂಗಾ, ಭತ್ತದಂಥ ಗಿಡಗಳು ಒಂದು ಕಾರ್ಬನ್ ಡೈಆಕ್ಸೈಡ್ ಅಣು ಹಿಡಿಯಲು ಸುಮಾರು 400 ನೀರಿನ ಅಣು ಕಳೆದುಕೊಳ್ಳುತ್ತವೆ. ಮೆಕ್ಕೆಜೋಳ, ಸಜ್ಜೆಯ ಜಾತಿಯವು ಅದರ ಅರ್ಧ ಅಥವಾ ಇನ್ನೂ ಕಮ್ಮಿಯಲ್ಲಿ ಕೆಲಸ ಮುಗಿಸುತ್ತವೆ. ನಮ್ಮ ಗುಡ್ಡದ ಪಾಪಾಸುಕಳ್ಳಿ ಇನ್ನೂ ಜಾಣ. ರಾತ್ರಿ ತಂಪಿನಲ್ಲಿ ರಂಧ್ರ ತೆರೆದು ಗಾಳಿ ತುಂಬಿಕೊಂಡು, ಹಗಲೆಲ್ಲ ಮುಚ್ಚಿಕೊಂಡು ಕೂರುತ್ತದೆ.

ತಕ್ಕಡಿ ಬಿಚ್ಚಿದ್ದು

ಟೇಬಲ್ ತಕ್ಕಡಿಯಲ್ಲಿರುವುದು ಸಿಂಗಲ್ ಪಾಯಿಂಟ್ ಲೋಡ್ ಸೆಲ್. ತಟ್ಟೆಯ ಮಧ್ಯಕ್ಕೇ ಭಾರ ಇಡಬೇಕೆಂದಿಲ್ಲ, ಮೂಲೆಗಿಟ್ಟರೂ ತೂಕ ಒಂದೇ ತೋರಿಸುತ್ತದೆ. ಗಿಡ ಒಂದು ಕಡೆ ವಾಲಿಕೊಂಡು ಬೆಳೆಯುವುದರಿಂದ ಇದೇ ಒಳ್ಳೆಯದು. ಹವ್ಯಾಸಿಗಳಿಗೆ ಮಾರುವ ಸಣ್ಣ ಪಟ್ಟಿಯಂಥ ಸೆಲ್‌ಗಳಲ್ಲಿ ಈ ಅನುಕೂಲ ಕಮ್ಮಿ. ಕೆಳಗಿನ ಎರಕದ ಚೌಕಟ್ಟು, ಮೇಲಿನ ಸ್ಟೀಲ್ ತಟ್ಟೆ ಎರಡನ್ನೂ ಹಾಗೇ ಉಳಿಸಿಕೊಂಡೆ. ಬೋರ್ಡು ಮಾತ್ರ ಕಿತ್ತು ಹಾಕಿ, ಸೆಲ್ಲಿನ ಸಣ್ಣ ಸಿಗ್ನಲ್ ಹಿಗ್ಗಿಸಿ ಅಂಕಿಯಾಗಿ ಬದಲಿಸುವ ಎಚ್‌ಎಕ್ಸ್ 711 ಮಾಡ್ಯೂಲ್ ಕೂರಿಸಿದೆ.

ವೈರಿನ ಬಣ್ಣ ನಂಬಬೇಡಿ. ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು ಸಪ್ಲೈ, ಹಸಿರು ಮತ್ತು ಬಿಳಿ ಸಿಗ್ನಲ್. ಗುಜರಿಯಲ್ಲಿ ಎಲ್ಲ ತರದವೂ ಬರುತ್ತವೆ. ಮಲ್ಟಿಮೀಟರ್ ಹಿಡಿದರೆ ಗೊತ್ತಾಗುತ್ತದೆ: ಸಪ್ಲೈ ಜೋಡಿಯ ನಡುವೆ ಸುಮಾರು 400 ಓಮ್, ಸಿಗ್ನಲ್ ಜೋಡಿಯ ನಡುವೆ ಸುಮಾರು 350. ಅಡ್ಡ ಜೋಡಿಗಳಲ್ಲಿ ಇನ್ನೂ ಕಮ್ಮಿ ಬರುತ್ತದೆ.

ನಾಲ್ಕು ಮಾಡ್ಯೂಲಿಗೂ ಸೇರಿ ಒಂದೇ ಇಎಸ್‌ಪಿ 32 ಬೋರ್ಡು, ಪ್ರೋಗ್ರಾಂ ಹಾಕಬಹುದಾದ ಪುಟ್ಟ ಕಂಪ್ಯೂಟರ್ ಅದು. ಯಂತ್ರ ಇಟ್ಟಿರುವ ಮಾಳಿಗೆಗೆ ವೈಫೈ ಸಿಗುವುದಿಲ್ಲ, ಹಾಗಾಗಿ ದಾಖಲೆ ಎಸ್‌ಡಿ ಕಾರ್ಡಿಗೆ. ಕರೆಂಟು ಹೋದರೂ ನಡೆಯಲಿ ಅಂತ ತಕ್ಕಡಿಯದೇ 6 ವೋಲ್ಟ್ ಬ್ಯಾಟರಿ ಹಾಕಿದೆ. ಇಷ್ಟರಲ್ಲಿ ದುಡ್ಡು ಕೊಟ್ಟು ತಂದದ್ದು ಎಚ್‌ಎಕ್ಸ್ 711, ಇಎಸ್‌ಪಿ 32, ಕಾರ್ಡ್ ರೀಡರ್ ಮತ್ತು ಉಷ್ಣತೆ ಅಳೆಯುವ ಸಣ್ಣ ಸೆನ್ಸರ್‌ಗಳು.

ಸಿಗ್ನಲ್ ಎಷ್ಟು ಸಣ್ಣದು ನೋಡಿ. ಈ ಸೆಲ್‌ಗಳು ಪೂರ್ತಿ ಭಾರಕ್ಕೆ ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ಕೊಡುತ್ತವೆ. ಸಪ್ಲೈ 3.3 ವೋಲ್ಟ್ ಇದ್ದರೆ 30 ಕೆಜಿಗೆ 6.6 ಮಿಲಿವೋಲ್ಟ್. ಒಂದು ಗ್ರಾಂಗೆ ಮೈಕ್ರೋವೋಲ್ಟಿನ ಕಾಲು ಭಾಗವೂ ಇಲ್ಲ. ಗಾಳಿ ಬೀಸಿ ಗಿಡ ಅಲ್ಲಾಡಿದರೆ ಇದೆಲ್ಲ ಕಲಸಿಹೋಗುತ್ತದೆ. ಚಿತ್ರದುರ್ಗದ ಗಾಳಿ ಗೊತ್ತಲ್ಲ, ಸುಮ್ನೆ ಜೋಗಿಮಟ್ಟಿ ಕಡೆ ಗಾಳಿಯಂತ್ರ ನಿಲ್ಲಿಸಿಲ್ಲ. ಅದಕ್ಕೇ ಹತ್ತು ನಿಮಿಷಕ್ಕೊಮ್ಮೆ ಎದ್ದು, ಒಂದು ನಿಮಿಷ ಓದಿ, ಬಂದ 600 ಓದುಗಳಲ್ಲಿ ನಟ್ಟನಡುವಿನದನ್ನು ಮಾತ್ರ ಬರೆದಿಡುವಂತೆ ಪ್ರೋಗ್ರಾಂ ಮಾಡಿದೆ. ಸರಾಸರಿ ತೆಗೆದರೆ ಒಂದು ಜೋರು ಗಾಳಿ ಇಡೀ ಲೆಕ್ಕ ಎಳೆದುಬಿಡುತ್ತದೆ. ನಡುವಿನ ಬೆಲೆ ಹಾಗೆ ಜಗ್ಗುವುದಿಲ್ಲ.

ಗಿಡ ಇಡುವ ಮೊದಲು ನಾಲ್ಕೂ ತಕ್ಕಡಿಯ ಮೇಲೆ ಮರಳು ತುಂಬಿ ಮುಚ್ಚಳ ಸೀಲ್ ಮಾಡಿದ ಪೇಂಟ್ ಬಕೆಟ್ ಇಟ್ಟೆ. ಮರಳು ನೀರು ಕುಡಿಯುವುದಿಲ್ಲ, ಬಿಡುವುದೂ ಇಲ್ಲ. ಆದರೂ ಮಧ್ಯಾಹ್ನ ಒಂದು ತೂಕ, ಬೆಳಗಿನ ಜಾವ ಇನ್ನೊಂದು. ಒಂದು ಸೆಲ್ಲಿನಲ್ಲಿ 10 ಗ್ರಾಂ ವ್ಯತ್ಯಾಸ, ಇನ್ನೊಂದರಲ್ಲಿ 25. ಅಂಗಡಿಯ ನೆರಳಿನಲ್ಲಿ ಸಕ್ಕರೆ ತೂಗುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಮಾಳಿಗೆಯ ಬಿಸಿಲಿನಲ್ಲಿ ಸೆಲ್ ಕಾಯ್ದು ಆರುವಾಗ ಎದ್ದು ಕಾಣುತ್ತದೆ. ಎರಡು ಕೆಲಸ ಮಾಡಿದೆ. ಪ್ರತಿ ತಕ್ಕಡಿಯ ಸುತ್ತ ಥರ್ಮಾಕೋಲ್ ಗೋಡೆ ಕಟ್ಟಿದೆ. ಪ್ರತಿ ಸೆಲ್ಲಿಗೂ ಒಂದೊಂದು ಉಷ್ಣತೆ ಸೆನ್ಸರ್ ಅಂಟಿಸಿ, ಒಂದು ಡಿಗ್ರಿಗೆ ಎಷ್ಟು ಗ್ರಾಂ ಜಾರುತ್ತದೆ ಅಂತ ಸೆಲ್ಲಿಗೊಂದು ಲೆಕ್ಕ ತೆಗೆದೆ. ಆಮೇಲೆ ವ್ಯತ್ಯಾಸ 3 ಗ್ರಾಂ ಒಳಗೆ ಬಂತು. ಒಂದು ಮರಳು ಬಕೆಟ್ಟನ್ನು ಕೊನೆವರೆಗೂ ನಾಲ್ಕನೇ ತಕ್ಕಡಿಯ ಮೇಲೇ ಬಿಟ್ಟೆ. ಅದು ಅಲ್ಲಾಡಿದರೆ ಯಂತ್ರದಲ್ಲಿ ಏನೋ ಆಗಿದೆ ಅಂತ ಅರ್ಥ.

ಬಕೆಟ್, ಮಣ್ಣು, ಬೀಜ

ಉಳಿದ ಮೂರು ತಕ್ಕಡಿಗೆ ಮೂರು ಬಕೆಟ್. ಎರಡರಲ್ಲಿ ದೊಡ್ಡಪ್ಪನ ಹೊಲದ ಕೆಂಪು ಮಣ್ಣು. ಒಂದರಲ್ಲಿ ದಾವಣಗೆರೆ ಕಡೆಯಿಂದ ತಂದ ಎರೆ ಮಣ್ಣು. ಹತ್ತಿ ಮಿಲ್ಲುಗಳಿಂದ ಹೆಸರಾದ ಊರಿನ ಸುತ್ತಲ ಮಣ್ಣು, ಕಪ್ಪಗೆ, ಜಿಗುಟಾಗಿ, ಒಣಗಿದರೆ ಬಿರುಕು ಬಿಡುವಂಥದ್ದು. ಬೀಜ ಈ ಸೀಮೆಯ ಹಳೇ ಪರಿಚಯದ ಶೇಂಗಾ ತಳಿ ಟಿಎಂವಿ-2. ಬಕೆಟ್ಟಿಗೆ ಎರಡು ಗಿಡ ಉಳಿಸಿ ಮಿಕ್ಕಿದ್ದು ಕಿತ್ತೆ.

ಹೂವು ಕಾಣಿಸಿಕೊಳ್ಳುವವರೆಗೆ ಎಲ್ಲಕ್ಕೂ ನೀರು ಹಾಕಿ ಬೆಳೆಸಿದೆ. ಆಮೇಲೆ ಮಣ್ಣಿನ ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬುಡದ ಸುತ್ತ ಹತ್ತಿ ಸುತ್ತಿ ಟೇಪ್ ಹಾಕಿದೆ. ಶೇಂಗಾದಲ್ಲಿ ಇದೊಂದು ತೊಡಕು. ಹೂವು ಕಟ್ಟಿದ ಮೇಲೆ ಅದರ ಬುಡದಿಂದ ಸೂಜಿಯಂಥ ದಂಟು ಇಳಿದು ಮಣ್ಣು ಹೊಗುತ್ತದೆ. ಕಾಯಿ ಕಟ್ಟುವುದು ಅಲ್ಲಿ. ಹಾಳೆ ಇದ್ದರೆ ಸೂಜಿ ಮೇಲೇ ನಿಂತುಬಿಡುತ್ತದೆ. ಹಾಗಾಗಿ ಸೂಜಿ ಇಳಿಯುವ ಮೊದಲೇ ಪ್ರಯೋಗ ಮುಗಿಯಬೇಕು. ಕಾಯಿಯ ಲೆಕ್ಕ ಈ ಯಂತ್ರದಿಂದ ಸಿಗುವುದಿಲ್ಲ.

ಒಂದು ಸಂಜೆ ಮೂರೂ ಬಕೆಟ್ಟಿಗೆ ಹರಿದು ಹೋಗುವಷ್ಟು ನೀರು ಹಾಕಿ, ರಾತ್ರಿಯಿಡೀ ಬಸಿಯಲು ಬಿಟ್ಟು, ಬೆಳಿಗ್ಗೆ ತಳದ ತೂತು ಮುಚ್ಚಿದೆ. ಮಣ್ಣು ತಾನಾಗಿ ಹಿಡಿದುಕೊಳ್ಳುವಷ್ಟು ನೀರು ಮಾತ್ರ ಉಳಿಯಿತು. ಮೊದಲ ಕೆಲವು ದಿನ ಎಲ್ಲಕ್ಕೂ ಹೋದಷ್ಟು ನೀರನ್ನು ಸಂಜೆ ವಾಪಸ್ ಕೊಟ್ಟೆ. ಗಿಡಗಳು ಒಂದೇ ಗಾತ್ರ ಇರುವುದಿಲ್ಲವಲ್ಲ, ಯಾವುದು ಯಾವುದಕ್ಕಿಂತ ಎಷ್ಟು ಕುಡಿಯುತ್ತದೆ ಅಂತ ಮೊದಲೇ ಗೊತ್ತಿರಬೇಕು. ಆಮೇಲೆ ಒಂದು ಕೆಂಪು ಬಕೆಟ್ಟಿಗೆ ಮಾತ್ರ ನೀರು ಮುಂದುವರಿಸಿ, ಇನ್ನೊಂದು ಕೆಂಪು ಮತ್ತು ಎರೆ ಬಕೆಟ್ಟಿಗೆ ನಿಲ್ಲಿಸಿದೆ.

ನೀರು ಕುಡಿದ ಗಿಡ ಪಕ್ಕದಲ್ಲಿರುವುದು ಬಹಳ ಮುಖ್ಯ. ಮೋಡ ಮುಚ್ಚಿದರೆ ಎಲ್ಲ ಗಿಡವೂ ಕಮ್ಮಿ ಬಿಡುತ್ತವೆ, ಒಣ ಗಾಳಿ ಬೀಸಿದರೆ ಎಲ್ಲವೂ ಜಾಸ್ತಿ. ಒಣಗುವ ಬಕೆಟ್ಟಿನ ಲೆಕ್ಕವನ್ನು ತುಂಬಿದ ಬಕೆಟ್ಟಿನ ಲೆಕ್ಕದಿಂದ ಭಾಗಿಸಿದರೆ ಹವೆಯ ಆಟ ಕಳೆದುಹೋಗಿ ಮಣ್ಣಿನ ಆಟ ಮಾತ್ರ ಉಳಿಯುತ್ತದೆ. ಉತ್ತರ 1 ಬಂದರೆ ಗಿಡ ಆರಾಮಾಗಿದೆ. ಅರ್ಧ ಬಂದರೆ ಬೇಕಾದ್ದರಲ್ಲಿ ಅರ್ಧ ಕುಡಿಯುತ್ತಿದೆ.

ಮರಳಿನ ಕಾಳು

ನಾಯಕನಹಟ್ಟಿ ಜಾತ್ರೆಯ ಹೊತ್ತು, ಬಿಸಿಲು ಏರಿತ್ತು. ತುಂಬಿದ ಬಕೆಟ್ ದಿನಕ್ಕೆ 300 ಗ್ರಾಂ ಆಸುಪಾಸು ಕಳೆದುಕೊಳ್ಳುತ್ತಿತ್ತು. ಎರೆ ಬಕೆಟ್ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಮ್ಮಿ ಮಾಡಿತು. ಹಿಂದಿನ ದಿನ ಸರಿಯಿತ್ತು, ಇವತ್ತು ಮುಕ್ಕಾಲು. ಗಿಡ ನೀರು ಉಳಿಸಲು ಶುರು ಮಾಡಿತು ಅಂತ ಬರೆದುಕೊಳ್ಳಬಹುದಿತ್ತು. ಕಾಯುತ್ತಿದ್ದ ಉತ್ತರವೂ ಅದೇ ಅಲ್ವಾ.

ಆದರೆ ಗಿಡ ಹೀಗೆ ರಾತ್ರೋರಾತ್ರಿ ಮುರಿಯುವುದಿಲ್ಲ, ನಿಧಾನಕ್ಕೆ ಬಾಗುತ್ತದೆ. ಬಕೆಟ್ಟಿನ ಪಕ್ಕದಲ್ಲಿ 500 ಗ್ರಾಂ ಬಟ್ಟು ಇಟ್ಟೆ. ತಕ್ಕಡಿ 380 ತೋರಿಸಿತು. ರೋಗ ಗಿಡದ್ದಲ್ಲ.

ಟೇಬಲ್ ತಕ್ಕಡಿಯ ಸೆಲ್ ಕೆಳಗೆ ಒಂದು ಸ್ಟಾಪರ್ ಬೋಲ್ಟ್ ಇರುತ್ತದೆ. ಯಾರಾದರೂ ಮೂಟೆ ಎತ್ತಿ ಹಾಕಿದರೆ ಸೆಲ್ ಬಗ್ಗಿ ಹಾಳಾಗದಿರಲಿ ಅಂತ. ಬೋಲ್ಟಿಗೂ ಸೆಲ್ಲಿಗೂ ನಡುವೆ ಇರುವುದು ಕೂದಲೆಳೆಯಷ್ಟು ಜಾಗ. ಅಲ್ಲಿ ಒಂದು ಮರಳಿನ ಕಾಳು ಸಿಕ್ಕಿಕೊಂಡಿತ್ತು. ಭಾರದ ಒಂದು ಪಾಲನ್ನು ಆ ಕಾಳು ಹೊರುತ್ತಿತ್ತು, ಸೆಲ್ಲಿಗೆ ಮಿಕ್ಕಿದ್ದು ಮಾತ್ರ ಗೊತ್ತಾಗುತ್ತಿತ್ತು. ಕಿರಾಣಿ ಅಂಗಡಿಯಲ್ಲಿ ಇದೇ ಕೆಲಸವನ್ನು ರಾಗಿ ಕಾಳು, ಸಾಸಿವೆ ಮಾಡುತ್ತವೆ. "ತೂಕ ಕಮ್ಮಿ ಬರ್ತಿದೆ" ಅಂತ ಬರುವ ತಕ್ಕಡಿಗಳಲ್ಲಿ ನಾನು ಮೊದಲು ನೋಡುವ ಜಾಗವೇ ಅದು. ಬ್ಲೋವರ್ ಹಿಡಿದು ಊದಿದೆ, ಬಟ್ಟು ಇಟ್ಟೆ, 500 ಬಂತು. ಹಾಳಾದ ದಿನದ ದಾಖಲೆಯಲ್ಲಿ ಏರಿಳಿತ ಮಾತ್ರ ತಪ್ಪಿತ್ತು. ಕಾಳು ತೆಗೆದ ಮೇಲೆ ಬಂದ ಒಟ್ಟು ತೂಕ ಸರಿಯಾಗಿದ್ದರಿಂದ ಆ ದಿನ ಹೋದ ನೀರಿನ ಮೊತ್ತ ಸಿಕ್ಕಿತು. ಮುಂದೆ ದಿನಾ ಬೆಳಿಗ್ಗೆ ಎಲ್ಲ ತಕ್ಕಡಿಗೂ ಬಟ್ಟು ಇಟ್ಟು ನೋಡುವುದು ರೂಢಿಯಾಯಿತು. ಮರಳು ಬಕೆಟ್ಟಿನ ಪಹರೆ ಇಂಥ ದೋಷ ಹಿಡಿಯುವುದಿಲ್ಲ, ಅದು ಕೂತಿರುವುದು ಬೇರೆ ತಕ್ಕಡಿಯ ಮೇಲೆ.

ಗಿಡ ಕೈ ಬಿಗಿ ಮಾಡಿದ್ದು

ಈಗ ನಿಜವಾದ ಫಲಿತಾಂಶ. ಕೆಂಪು ಬಕೆಟ್ ತುಂಬಿದಾಗಿನಿಂದ ಗಿಡ ಹೆಚ್ಚುಕಡಿಮೆ ಕುಡಿಯುವುದೇ ನಿಲ್ಲಿಸುವ ತನಕ ತೆಗೆದ ನೀರು ಸುಮಾರು 950 ಗ್ರಾಂ. ಗಿಡಕ್ಕೆ ಸಿಗುವ ನೀರು ಅಂದರೆ ಅಷ್ಟು. ಅದರಲ್ಲಿ ಮೊದಲ ಮೂರನೇ ಎರಡು ಪಾಲನ್ನು ಗಿಡ ಯಾವ ಹಿಂಜರಿಕೆಯೂ ಇಲ್ಲದೆ ಕುಡಿಯಿತು. ಪಕ್ಕದ ತುಂಬಿದ ಬಕೆಟ್ಟಿಗೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ. ಸುಮಾರು ಮೂರನೇ ಒಂದು ಪಾಲು ಉಳಿದಾಗ, ಭಾಗಿಸಿ ತೆಗೆದ ಆ ಲೆಕ್ಕದ ಗೆರೆ 1ರಿಂದ ಕೆಳಗೆ ಬಾಗಿತು. ಇದು ನನ್ನ ಬಕೆಟ್ಟಿನ ವಿಶೇಷವೇನಲ್ಲ. ಬೇರೆ ಬೇರೆ ಬೆಳೆಗಳಲ್ಲಿ ಇಂಥ ಪ್ರಯೋಗ ಮಾಡಿದ ವಿಜ್ಞಾನಿಗಳಿಗೂ ಸಿಗುವ ನೀರಿನಲ್ಲಿ ಮೂರನೇ ಒಂದು ಪಾಲಿನ ಆಸುಪಾಸಿನಲ್ಲೇ ಈ ತಿರುವು ಕಂಡಿದೆ.

ಬಾಗಿದ ದಿನ ಎಲೆ ಹಸಿರಾಗಿ, ಅಗಲವಾಗಿ, ಚೆನ್ನಾಗೇ ಇತ್ತು. ದೊಡ್ಡಪ್ಪ ಅವತ್ತು ಸಂತೆಗೆ ಬಂದವರು ಮನೆಗೂ ಬಂದಿದ್ದರು. ಎರಡೂ ಕೆಂಪು ಬಕೆಟ್ ತೋರಿಸಿ ಯಾವುದಕ್ಕೆ ನೀರಿಲ್ಲ ಹೇಳಿ ಅಂದೆ. ಎರಡನ್ನೂ ಸುತ್ತು ಹಾಕಿ ನೋಡಿ, "ಎರಡೂ ಲಕ್ಷಣವಾಗೇ ಐತಲ್ಲಪ್ಪಾ" ಅಂದರು. ಹೊಲದಲ್ಲಿ ಅರವತ್ತು ವರ್ಷ ಕಳೆದ ಕಣ್ಣು ಅದು.

ತೂಕದ ಗೆರೆಯನ್ನು ಗಂಟೆಗಂಟೆಗೆ ಬಿಡಿಸಿ ನೋಡಿದರೆ ಇನ್ನೂ ಮುಂಚಿನ ಸುಳಿವು ಸಿಗುತ್ತದೆ. ತುಂಬಿದ ಬಕೆಟ್ ಬೆಳಿಗ್ಗೆಯಿಂದ ಏರುತ್ತಾ ಹೋಗಿ ನಡುಹಗಲಿನಲ್ಲಿ ಗಂಟೆಗೆ 40 ಗ್ರಾಂ ದಾಟುತ್ತದೆ. ಒಣಗುವ ಬಕೆಟ್ ಬೆಳಿಗ್ಗೆ ಅದರ ಜೊತೆಗೇ ಹೊರಡುತ್ತದೆ, ಹನ್ನೊಂದರ ಹೊತ್ತಿಗೆ ನಿಂತುಬಿಡುತ್ತದೆ. ಮಧ್ಯಾಹ್ನದ ದಿಬ್ಬ ಮೊದಲು ಕಾಣೆಯಾಗುತ್ತದೆ. ಇಡೀ ದಿನದ ಮೊತ್ತದಲ್ಲಿ ಅದು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಎಳೆ ಎಲೆಯನ್ನು ದಿನಾ ಸ್ಕೇಲ್ ಹಿಡಿದು ಅಳೆಯುತ್ತಿದ್ದೆ. ಅದರ ಬೆಳವಣಿಗೆ ಕುಂಟಿದ್ದು ತೂಕ ಬಾಗುವುದಕ್ಕೂ ಮೊದಲು. ಎಲೆ ಹಿಗ್ಗಬೇಕಾದರೆ ಜೀವಕೋಶ ನೀರಿನಿಂದ ಬಿಗಿಯಾಗಿ ಉಬ್ಬಿರಬೇಕು. ಆ ಬಿಗಿ ಸ್ವಲ್ಪ ಸಡಿಲವಾದರೂ ಹಿಗ್ಗುವುದು ನಿಲ್ಲುತ್ತದೆ.

ಕಣ್ಣಿಗೆ ಕಾಣುವ ಬದಲಾವಣೆ ಬಂದದ್ದು ಆಮೇಲೆ. ಮೊದಲು ಮಧ್ಯಾಹ್ನ ಒಂದೊಂದು ತೊಟ್ಟಿನ ನಾಲ್ಕೂ ಎಲೆಗಳು ಒಂದಕ್ಕೊಂದು ಮಡಿಸಿಕೊಂಡು ಬಿಸಿಲಿಗೆ ಅಂಚು ಕೊಟ್ಟು ನಿಂತವು. ಶೇಂಗಾ ರಾತ್ರಿಯೂ ಎಲೆ ಮಡಿಸುತ್ತದೆ, ಅದು ಬೇರೆ. ಹಗಲು ಮಡಿಸುವುದು ಬಿಸಿಲು ತಪ್ಪಿಸಿಕೊಳ್ಳಲು. ನಂತರ ಮಧ್ಯಾಹ್ನ ಜೋತು ಬಿದ್ದು ಬೆಳಿಗ್ಗೆಗೆ ಎದ್ದು ನಿಲ್ಲುವ ಹಂತ. ಕೊನೆಗೆ ಬೆಳಗಿನ ಜಾವವೂ ಜೋತೇ ಇರುವ ಹಂತ. ಎಲೆ ನೋಡಿಯೇ ನಿರ್ಧಾರ ಮಾಡುವುದಾದರೆ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ನೋಡಬೇಕು. ಮಧ್ಯಾಹ್ನ ಎಲೆ ಜೋತರೆ ಮಣ್ಣು ಒಣಗಿದೆ ಅಂತ ಹೇಳಲು ಬರುವುದಿಲ್ಲ. ಕೆರೆ ಪಕ್ಕದ ಕುಂಬಳ ಬಳ್ಳಿಯೂ ಮಟಮಟ ಮಧ್ಯಾಹ್ನ ಜೋತಿರುತ್ತದೆ.

ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಅದನ್ನೂ ಬಳಸಿ. ನೀರು ಆವಿಯಾಗುವಾಗ ಎಲೆ ತಂಪಾಗುತ್ತದೆ. 300 ಗ್ರಾಂ ನೀರು ಆವಿಯಾಗಲು ಬೇಕಾದ ಶಾಖ ಸುಮಾರು 0.2 ಯೂನಿಟ್ ಕರೆಂಟಿಗೆ ಸಮ. ತುಂಬಿದ ಬಕೆಟ್ಟಿನ ಎಲೆ ಗಾಳಿಗಿಂತ ಮೂರು ನಾಲ್ಕು ಡಿಗ್ರಿ ತಂಪಿತ್ತು. ಒಣಗುವ ಬಕೆಟ್ಟಿನದು ಹಸಿರಾಗಿದ್ದಾಗಲೇ ಗಾಳಿಯಷ್ಟು ಬಿಸಿಯಾಗಿತ್ತು.

ಒಳಗೆ ನಡೆಯುವುದು

ಗಿಡದಲ್ಲಿ ಪಂಪಿಲ್ಲ. ಎಲೆಯಿಂದ ನೀರು ಆವಿಯಾದಂತೆ, ಕಾಂಡದ ಸಣ್ಣ ನಳಿಕೆಗಳಲ್ಲಿರುವ ನೀರಿನ ಎಳೆ ಮೇಲಕ್ಕೆ ಜಗ್ಗುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಆ ಎಳೆತ ಬೇರಿನ ತನಕ ಮುಟ್ಟುತ್ತದೆ. ಡಬ್ಲಿನ್ನಿನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟ ವಿವರಣೆ ಇದು. ನಮ್ಮ ಜಗದೀಶಚಂದ್ರ ಬೋಸರು ಜೀವಕೋಶಗಳೇ ಮಿಡಿದು ನೀರು ಮೇಲೆತ್ತುತ್ತವೆ ಅಂತ ವಾದಿಸಿದ್ದರು. ಕೇಳಲು ಅದು ಹೆಚ್ಚು ಚೆನ್ನಾಗಿದೆ, ಆದರೆ ನಿಂತದ್ದು ಎಳೆತದ ವಿವರಣೆ.

ಮಣ್ಣೂ ಅದೇ ನೀರನ್ನು ತನ್ನ ಕಡೆ ಎಳೆಯುತ್ತದೆ. ತುಂಬಿದ ಮಣ್ಣಿನಲ್ಲಿ ಈ ಎಳೆತ ಒಂದು ಬಾರ್‌ನ ಮೂರನೇ ಒಂದು ಪಾಲು ಅಥವಾ ಅದಕ್ಕೂ ಕಮ್ಮಿ. ಹೆಚ್ಚಿನ ಬೆಳೆಗಳು ಕೈಚೆಲ್ಲುವುದು ಸುಮಾರು 15 ಬಾರ್‌ನಲ್ಲಿ. ಬೈಕಿನ ಟೈರಿನಲ್ಲಿರುವ ಒತ್ತಡ ಎರಡು ಬಾರ್ ಅಂದುಕೊಂಡರೆ 15 ಎಷ್ಟು ಅಂತ ಅಂದಾಜಾಗುತ್ತದೆ. ಮಣ್ಣು ಒಣಗುವಾಗ ಮೊದಲು ಖಾಲಿಯಾಗುವುದು ದೊಡ್ಡ ಸಂದುಗಳು. ಉಳಿದ ನೀರು ಸಣ್ಣ ಸಂದುಗಳಿಗೆ, ಮಣ್ಣಿನ ಕಣಕ್ಕೆ ಅಂಟಿದ ತೆಳು ಪೊರೆಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಬೇರಿನ ಕಡೆಗೆ ಹರಿಯುವ ವೇಗ ಸಾವಿರಾರು ಪಟ್ಟು ಇಳಿಯುತ್ತದೆ. ಬಕೆಟ್ಟಿನಲ್ಲಿ ನೀರು ಇದ್ದೇ ಇರುತ್ತದೆ, ಮಧ್ಯಾಹ್ನದ ಬೇಡಿಕೆಯ ವೇಗದಲ್ಲಿ ಬೇರಿಗೆ ತಲುಪುವುದಿಲ್ಲ. ಮಧ್ಯಾಹ್ನದ ದಿಬ್ಬ ಮೊದಲು ಮಾಯವಾಗುವುದು ಇದಕ್ಕೇ.

ಎಳೆತ ಹೀಗೇ ಏರಲು ಬಿಟ್ಟರೆ ನಳಿಕೆಯ ನೀರಿನ ಎಳೆ ತುಂಡಾಗಿ ಗಾಳಿಗುಳ್ಳೆ ಹೊಕ್ಕುತ್ತದೆ. ಆ ನಳಿಕೆ ಆಮೇಲೆ ಕೆಲಸಕ್ಕಿಲ್ಲ. ಅದಕ್ಕೂ ಮೊದಲೇ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಹೆಚ್ಚುತ್ತದೆ. ಅದರಿಂದಾಗಿ ರಂಧ್ರದ ಎರಡು ಕಾವಲು ಕೋಶಗಳಿಂದ ಪೊಟ್ಯಾಶಿಯಂ ಹೊರಗೆ ಹೋಗುತ್ತದೆ, ಹಿಂದೆಯೇ ನೀರೂ ಹೋಗುತ್ತದೆ, ಕೋಶ ಸಡಿಲವಾಗಿ ರಂಧ್ರ ಮುಚ್ಚುತ್ತದೆ. ನೀರು ಉಳಿಯಿತು, ಜೊತೆಗೆ ಆಹಾರ ತಯಾರಿಯೂ ಇಳಿಯಿತು. ಎಲೆ ಹಸಿರಾಗಿ ಲಕ್ಷಣವಾಗಿದ್ದ ಆ ದಿನಗಳಲ್ಲಿ ಗಿಡ ಅರ್ಧ ರಜೆಯಲ್ಲಿತ್ತು.

ಎರೆ ಮಣ್ಣಿನ ಲೆಕ್ಕ

ಎರೆ ಬಕೆಟ್ಟಿನ ಗಿಡ ಹೆಚ್ಚು ದಿನ ತಡೆಯಿತು. ಸಿಗುವ ನೀರು ಸುಮಾರು 1,600 ಗ್ರಾಂ. ತಿರುವು ಬಂದದ್ದು 600 ಗ್ರಾಂ ಆಸುಪಾಸು ಉಳಿದಾಗ. ಅಂದರೆ ಪಾಲಿನ ಲೆಕ್ಕದಲ್ಲಿ ಕೆಂಪಿಗಿಂತ ಕೊಂಚ ಬೇಗ. ಬಾಗಿದ ಮೇಲೂ ಅದು ನಿಧಾನಕ್ಕೆ ಎಳೆದುಕೊಂಡು ಹೋಯಿತು. ಮಣ್ಣು ಕುಗ್ಗಿ ಬಕೆಟ್ಟಿನ ಗೋಡೆಯಿಂದ ಬೆರಳು ತೂರುವಷ್ಟು ಬಿಟ್ಟುಕೊಂಡಿತ್ತು. ಹೊಲದಲ್ಲಿ ಇಂಥ ಬಿರುಕು ಬೇರನ್ನೇ ಹರಿದುಹಾಕುತ್ತದೆ.

ಎಲ್ಲ ಮುಗಿದ ಮೇಲೆ ಎರಡೂ ಬಕೆಟ್ಟಿನಿಂದ ಒಂದಿಷ್ಟು ಮಣ್ಣು ತೆಗೆದು ತೂಗಿ, ಅಡುಗೆಮನೆಯ ಓವನ್ನಿನಲ್ಲಿ 105 ಡಿಗ್ರಿಗೆ ಒಂದು ದಿನ ಇಟ್ಟು ಮತ್ತೆ ತೂಗಿದೆ. (ಮನೆಯವಳಿಗೆ ಹೇಳಿಯೇ ಇಟ್ಟೆ. ಮಣ್ಣಿನ ವಾಸನೆ ಬಿಡಿಸಲು ಆಮೇಲೆ ನಿಂಬೆಹಣ್ಣು ಬೇಕಾಯಿತು.) ಕೆಂಪು ಮಣ್ಣಿನ ಬಕೆಟ್ಟಿನಲ್ಲಿ ಅರ್ಧ ಕೆಜಿ ನೀರು ಉಳಿದಿತ್ತು. ಎರೆಯಲ್ಲಿ ಹತ್ತಿರ ಹತ್ತಿರ 1.7 ಕೆಜಿ. ಕೆಂಪು ಬಕೆಟ್ ಪೂರ್ತಿ ತುಂಬಿದ್ದಾಗ ಒಟ್ಟು ಇದ್ದ ನೀರೇ 1.45 ಕೆಜಿ. ಅಂದರೆ ಎರೆ ಮಣ್ಣಿನ ಗಿಡ ಬಾಯಾರಿ ಜೋತು ಬಿದ್ದಾಗ ಅದರ ಬೇರಿನ ಸುತ್ತ, ತುಂಬಿದ ಕೆಂಪು ಬಕೆಟ್ಟಿಗಿಂತ ಹೆಚ್ಚು ನೀರಿತ್ತು. ಜೇಡಿ ಕಣಗಳು ಅದನ್ನು 15 ಬಾರ್‌ಗಿಂತ ಜೋರಾಗಿ ಹಿಡಿದುಕೊಂಡಿದ್ದವು, ಅಷ್ಟೇ.

ಅಗ್ಗದ ತೇವಾಂಶ ಸೆನ್ಸರ್ ಚುಚ್ಚಿ "ನೂರಕ್ಕೆ ಇಪ್ಪತ್ತು" ಅಂತ ಓದಿ ನೀರು ಬಿಡುವವರಿಗೆ ನನ್ನ ಮಾತು ಇದು. ಕೆಂಪು ಮಣ್ಣಿನಲ್ಲಿ ಆ ಸಂಖ್ಯೆ ಅಂದರೆ ಮಣ್ಣು ತುಂಬಿದಂತೆ, ಎರೆಯಲ್ಲಿ ಖಾಲಿಯಾದಂತೆ. ಮಣ್ಣಿಗೆ ತಕ್ಕ ಹಾಗೆ ಲೆಕ್ಕ ಕಟ್ಟದ ಸೆನ್ಸರ್ ಕೈಯಲ್ಲಿ ಹಿಡಿದು ಹಿಂಡಿ ನೋಡುವುದಕ್ಕಿಂತ ಕಡೆ.

ಕೆಂಪು ಬಕೆಟ್ಟಿಗೆ ವಾಪಸ್ ನೀರು ಕೊಟ್ಟೆ. ಗಿಡ ರಾತ್ರಿಯೊಳಗೆ ಎದ್ದು ನಿಂತಿತು, ನೋಡಲು ಏನೂ ಆಗಿಲ್ಲದ ಹಾಗೆ. ಮರುದಿನ ಕಳೆದುಕೊಂಡ ತೂಕ ಮಾತ್ರ ತುಂಬಿದ ಬಕೆಟ್ಟಿನ ಅರ್ಧಕ್ಕಿಂತ ಸ್ವಲ್ಪ ಮೇಲೆ. ಕೆಳಗಿನ ಕೆಲವು ಎಲೆ ಉದುರಿದ್ದರಿಂದ ಅದು ಪೂರ್ತಿ ಸಮಕ್ಕೆ ಬರಲೇ ಇಲ್ಲ.

ಬಕೆಟ್ಟಿನಿಂದ ಹೊಲಕ್ಕೆ

ಇದನ್ನೆಲ್ಲ ಹೇಳಿದಾಗ ದೊಡ್ಡಪ್ಪ ಕೇಳಿದ್ದು ಒಂದೇ. "ನಿನ್ನ ಬಕೆಟ್ಟು ಒಂದು ಅಡಿ. ನನ್ನ ಹೊಲದಾಗೆ ಶೇಂಗಾ ಬೇರು ಎದೆಮಟ ಇಳಿಯುತ್ತೆ. ಆಗ?" ಸರಿಯಾದ ಆಕ್ಷೇಪ. ಶೇಂಗಾ ಬೇರು ಮಣ್ಣು ಬಿಟ್ಟುಕೊಟ್ಟರೆ ಒಂದು ಮೀಟರ್ ದಾಟುತ್ತದೆ. ಮೇಲಿನ ಮಣ್ಣು ಒಣಗಿದರೂ ಕೆಳಗಿನಿಂದ ಕುಡಿದು ಹಸಿರಾಗಿರುತ್ತದೆ. ಬಕೆಟ್ಟಿನಲ್ಲಿ ಬೇಗ ಬಂದ ತಿರುವು ಹೊಲದಲ್ಲಿ ನಿಧಾನಕ್ಕೆ ಬರುತ್ತದೆ.

ಆದರೆ ಶೇಂಗಾಕ್ಕೆ ಇನ್ನೊಂದು ಪೇಚು ಇದೆ. ಕಾಯಿ ಮೇಲಿನ ಎರಡು ಮೂರು ಇಂಚಿನಲ್ಲಿರುತ್ತದೆ. ಮೇಲ್ಮಣ್ಣು ಗಟ್ಟಿಯಾದರೆ ಸೂಜಿ ಇಳಿಯುವುದಿಲ್ಲ. ಇಳಿದ ಮೇಲೂ ಕಾಯಿಗೆ ಬೇಕಾದ ಕ್ಯಾಲ್ಸಿಯಂ ಬೇರಿನಿಂದ ಬರುವುದಿಲ್ಲ, ಕಾಯಿಯೇ ಸುತ್ತಲಿನ ತೇವದಿಂದ ಹೀರಿಕೊಳ್ಳಬೇಕು. ಹೂವಿನ ಹೊತ್ತಿಗೆ ಜಿಪ್ಸಂ ಹಾಕುವುದು ಇದಕ್ಕೇ. ಮೇಲ್ಮಣ್ಣು ಒಣಗಿದ್ದರೆ ಜಿಪ್ಸಂ ಇದ್ದೂ ಪ್ರಯೋಜನವಿಲ್ಲ. ಕೆಳಗಿನ ನೀರಿನಿಂದ ಗಿಡ ಸೊಂಪಾಗಿರುತ್ತದೆ, ಕಿತ್ತರೆ ಜೊಳ್ಳು. ಹಾಗಾಗಿ ಬೋರಿನ ನೀರು ಎಲ್ಲ ಹಂತಕ್ಕೂ ಸಾಲದಿದ್ದರೆ, ಸೂಜಿ ಇಳಿಯುವ ಮತ್ತು ಕಾಯಿ ಕಟ್ಟುವ ಹೊತ್ತಿಗೆ ಉಳಿಸಿಕೊಳ್ಳುವುದು ಲೇಸು. ಬೀಜ ಹುಟ್ಟಿ ಹೂವಾಗುವ ತನಕ ಸ್ವಲ್ಪ ಬಿಗಿ ಹಿಡಿದರೆ ಶೇಂಗಾ ಸಹಿಸಿಕೊಳ್ಳುತ್ತದೆ. ದೊಡ್ಡಪ್ಪ ಈ ಸಲ ಒಂದು ಎಕರೆ ಬಿಟ್ಟು, ಉಳಿದದ್ದಕ್ಕೆ ಹಾಗೆ ಮಾಡುತ್ತಿದ್ದಾರೆ. ಬೆಳಿಗ್ಗೆ ಐದೂವರೆಗೆ ಎಲೆ ನೋಡಿ ಫೋನ್ ಮಾಡುವುದೂ ಶುರುವಾಗಿದೆ.

ಆಳದ ಪ್ರಶ್ನೆಗೆ 200 ಲೀಟರ್ ಡ್ರಮ್ಮು ಬೇಕು. ಮಣ್ಣು ತುಂಬಿದರೆ 300 ಕೆಜಿ ಮೀರುತ್ತದೆ, ಟೇಬಲ್ ತಕ್ಕಡಿ ಆಗುವುದಿಲ್ಲ. ಮಂಡಿಯಿಂದ ರಿಪೇರಿಗೆ ಬಂದು ಮಾಲೀಕರು ಬಿಟ್ಟುಹೋದ 500 ಕೆಜಿ ಪ್ಲಾಟ್‌ಫಾರ್ಮ್ ತಕ್ಕಡಿ ಒಂದಿದೆ. ಅದರ ಡಿಸ್‌ಪ್ಲೇ 100 ಗ್ರಾಂ ಹೆಜ್ಜೆಯಲ್ಲಿ ತೋರಿಸುತ್ತದೆ. ಸೆಲ್ಲಿಗೆ ನೇರ ಎಚ್‌ಎಕ್ಸ್ 711 ಹಾಕಿ ಮರಳು ಮೂಟೆ ಇಟ್ಟು ನೋಡಿದರೆ ಸದ್ಯಕ್ಕೆ 30 ಗ್ರಾಂ ತನಕ ಹಿಡಿಯುತ್ತಿದೆ. ಗಂಟೆ ಲೆಕ್ಕಕ್ಕೆ ಸಾಲದು, ದಿನದ ಲೆಕ್ಕಕ್ಕೆ ಸಾಕು. ಮೊದಲ ಡ್ರಮ್ಮಿಗೆ ಶೇಂಗಾ, ಎರಡನೆಯದಕ್ಕೆ ಸಜ್ಜೆ ಹಾಕುವ ಯೋಚನೆ ಇದೆ. ಸ್ಟಾಪರ್ ಬೋಲ್ಟುಗಳ ಸುತ್ತ ಈಗಲೇ ಸ್ಪಾಂಜ್ ಅಂಟಿಸಿದ್ದೇನೆ.